ಬಳ್ಳಾರಿಯಲ್ಲಿ ನೂರು ಗಂಟೆ

ನಾನು ಏನು ಕೆಲಸ ಮಾಡುತ್ತೇನೆ ಅನ್ನೋದು ನಮ್ಮ ಅತ್ತೆಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಮೊದಲ ಸಲ 'ಲೈಫ್ ಕೋಚ್' ಅಂದಾಗ 'ಎಲ್‌ಐಸಿ ಏಜೆಂಟೇನವ್ವಾ?' ಅಂದರು. ಎದುರು ಮನೆಯವರು ಕೋಚಿಂಗ್ ಸೆಂಟರ್ ಅಂದುಕೊಂಡು, ಮಗಳಿಗೆ ನೀಟ್ ಫೀಸ್ ಎಷ್ಟಾಗುತ್ತೆ ಅಂತ ಕೇಳಿದರು. ನಮ್ಮ ಯಜಮಾನರ ಗೆಳೆಯರೊಬ್ಬರು ರೈಲ್ವೆಯವರು. ಅವರಿಗೆ ಕೋಚ್ ಅಂದರೆ ಎಸ್-4, ಎಸ್-5. ನಾನು ಮಾಡೋದು ಇಷ್ಟೇ: ಬಂದವರ ಎದುರು ಕೂತು, ಪ್ರಶ್ನೆ ಕೇಳುತ್ತಾ, ತಮ್ಮ ದಾರಿ ಅವರೇ ಹುಡುಕಿಕೊಳ್ಳೋಕೆ ನೆರವಾಗೋದು.

ಅವರನ್ನೆಲ್ಲ ಅಂದು ಏನು ಪ್ರಯೋಜನ? ಶುರುವಿನಲ್ಲಿ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಬಳ್ಳಾರಿಯಲ್ಲೇ ಪಿಯು ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡಿದವಳು ನಾನು. ಹುಡುಗರು ಪಾಠಕ್ಕಿಂತ ಜಾಸ್ತಿ ತಮ್ಮ ಮನೆಯ ವಿಷಯ ಹೇಳಿಕೊಳ್ಳೋಕೆ ಬರುತ್ತಿದ್ದರು. ನಾನು ಬುದ್ಧಿ ಹೇಳುತ್ತಿದ್ದೆ. ಚೆನ್ನಾಗೇ ಹೇಳುತ್ತೀನಿ ಅನ್ನೋ ಹೆಮ್ಮೆಯೂ ಇತ್ತು. ಇದನ್ನೇ ಕೆಲಸ ಮಾಡಿಕೊಂಡರೆ ಹೇಗೆ ಅನಿಸಿ, ಒಂದು ದೊಡ್ಡ ಊರಿನ ಹೋಟೆಲ್‌ನಲ್ಲಿ ನಡೆದ ಎರಡು ದಿನದ ಕೋರ್ಸಿಗೆ ಹದಿನೆಂಟು ಸಾವಿರ ಕಟ್ಟಿದೆ. ಜೋರು ಮ್ಯೂಸಿಕ್ಕು, ಚಪ್ಪಾಳೆ, ಕಣ್ಣು ಮುಚ್ಚಿ ಬಾಲ್ಯ ನೆನೆಸಿಕೊಳ್ಳೋದು, ಎರಡೂ ದಿನ ಪನೀರ್. ಭಾನುವಾರ ಸಂಜೆ ಬಂಗಾರದ ಬಣ್ಣದ ಸೀಲ್ ಇದ್ದ ಸರ್ಟಿಫಿಕೇಟ್ ಕೈಗಿಟ್ಟರು. ಅದರ ಮೇಲೆ ನಾನು 'ಸರ್ಟಿಫೈಡ್ ಮಾಸ್ಟರ್ ಲೈಫ್ ಕೋಚ್'. ಎರಡು ದಿನಕ್ಕೇ ಮಾಸ್ಟರ್! ಗಾರೆ ಕೆಲಸಕ್ಕೆ ಸೇರಿದವರನ್ನೂ ಎರಡು ದಿನಕ್ಕೆ ಮೇಸ್ತ್ರಿ ಅನ್ನಲ್ಲ.

ನಮ್ಮ ದೇಶದಲ್ಲಿ ಲೈಫ್ ಕೋಚ್ ಅಂತ ಬೋರ್ಡ್ ಹಾಕಿಕೊಳ್ಳೋಕೆ ಯಾವ ಲೈಸೆನ್ಸೂ ಬೇಕಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರಬೇಕು. ನಮಗೆ ಅಂಥ ಬಾಗಿಲೇ ಇಲ್ಲ, ಯಾರು ಬೇಕಾದರೂ ಒಳಗೆ ಬರಬಹುದು. ಹಾಗಾಗಿ ಸರ್ಟಿಫಿಕೇಟ್ ಅನ್ನೋದು ಕಾನೂನಿನ ಕಾಟಕ್ಕೆ ಮಾಡಿಸಿಕೊಳ್ಳೋದಲ್ಲ. ಈ ಕೆಲಸ ನನಗೆ ಬರುತ್ತೆ ಅಂತ ನನಗೇ ಧೈರ್ಯ ಬೇಕಲ್ವಾ, ಅದಕ್ಕೆ.

ಹುಡುಕುತ್ತಾ ಹೋದಾಗ ಎಲ್ಲರ ಬಾಯಲ್ಲೂ ಬಂದ ಹೆಸರು ಐಸಿಎಫ್, ಅಂದರೆ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್. 1995ರಲ್ಲಿ ಅಮೆರಿಕದ ಥಾಮಸ್ ಲಿಯೊನಾರ್ಡ್ ಶುರು ಮಾಡಿದ ಸಂಸ್ಥೆ. ಅವರು ಕೊಡೋ ಸರ್ಟಿಫಿಕೇಟಿನಲ್ಲಿ ಮೂರು ಮೆಟ್ಟಿಲು: ಎಸಿಸಿ (ಅಸೋಸಿಯೇಟ್), ಪಿಸಿಸಿ (ಪ್ರೊಫೆಷನಲ್), ಎಂಸಿಸಿ (ಮಾಸ್ಟರ್). ಮೊದಲ ಮೆಟ್ಟಿಲು ಎಸಿಸಿಗೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ, 10 ಗಂಟೆ ಮೆಂಟರ್ ಜೊತೆ, ಅಂದರೆ ನಮ್ಮ ಸೆಷನ್ ಕೇಳಿ ತಿದ್ದೋ ಅನುಭವಿ ಕೋಚ್ ಜೊತೆ ಕೆಲಸ, ಆಮೇಲೆ ಪರೀಕ್ಷೆ. ಪಿಸಿಸಿಗೆ 500 ಗಂಟೆ ಅನುಭವ ಬೇಕು. ಎಂಸಿಸಿಗೆ 2,500. ನನ್ನ ಬಂಗಾರದ ಸೀಲಿನ ಸರ್ಟಿಫಿಕೇಟನ್ನು ಅವತ್ತೇ ಕಪಾಟಿನಲ್ಲಿ ಇಸ್ತ್ರಿ ಸೀರೆಗಳ ಕೆಳಗೆ ಇಟ್ಟೆ. ಈಗಲೂ ಅಲ್ಲೇ ಇದೆ.

ಐಸಿಎಫ್ ಮಾನ್ಯತೆ ಇರೋ ಲೆವೆಲ್ 1, ಅಂದರೆ ಎಸಿಸಿ ಮೆಟ್ಟಿಲಿನ ಕೋರ್ಸಿಗೆ ಸೇರಿದೆ. ಒಂದೂವರೆ ಲಕ್ಷದ ಹತ್ತಿರ ಆಯಿತು. ಪಿಎಫ್ ದುಡ್ಡು. ಯಜಮಾನರು ಒಂದು ಮಾತೂ ಆಡಲಿಲ್ಲ, ಕ್ಯಾಲ್ಕುಲೇಟರ್ ಮಾತ್ರ ಎರಡು ಸಲ ಒತ್ತಿದರು. ಶನಿವಾರ, ಭಾನುವಾರ ಆನ್‌ಲೈನ್ ಕ್ಲಾಸು. ಏಪ್ರಿಲ್ ತಿಂಗಳು, ನಮ್ಮ ಬಳ್ಳಾರಿ ಬಿಸಿಲು, ಕೂಲರ್ ಹಾಕಿದರೆ ಅದರ ಸದ್ದಿಗೆ ನನ್ನ ಮಾತು ಅವರಿಗೆ ಕೇಳಲ್ಲ, ಆರಿಸಿದರೆ ನಾನು ಬೇಯುತ್ತೇನೆ. ಒದ್ದೆ ಟವೆಲ್ ಹೆಗಲ ಮೇಲೆ ಹಾಕಿಕೊಂಡು 60 ಗಂಟೆ ಮುಗಿಸಿದೆ. ತರಬೇತಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಪುಸ್ತಕದಲ್ಲಿ ಸಿಗೋದೇ.

ಕಷ್ಟ ಇದ್ದದ್ದು ಆ ನೂರು ಗಂಟೆಯಲ್ಲಿ.

ನೂರರಲ್ಲಿ ಕನಿಷ್ಠ 75 ಗಂಟೆ ದುಡ್ಡು ತೆಗೆದುಕೊಂಡು ಮಾಡಿದ್ದಾಗಿರಬೇಕು. ಕನಿಷ್ಠ ಎಂಟು ಮಂದಿ ಕ್ಲೈಂಟ್ ಇರಬೇಕು. ಪ್ರತಿ ಸೆಷನ್ನೂ ಲಾಗ್ ಶೀಟಿನಲ್ಲಿ ಬರೆದಿಡಬೇಕು, ಹೆಸರು ಬರೆಯೋಕೂ ಅವರ ಒಪ್ಪಿಗೆ ಬೇಕು. ಪುಕ್ಕಟೆಯಾಗಿ ಅಂದರೆ ನಮ್ಮ ಸತ್ಯನಾರಾಯಣಪೇಟೆಯಲ್ಲಿ ಸಾಲು ನಿಲ್ಲುತ್ತಿತ್ತು. ಆದರೆ ಮಾತಾಡೋಕೆ ದುಡ್ಡು? 'ಮೇಡಮ್ಮಾರ, ನಿಮ್ ಕೂಡ ಮಾತಾಡಕ್ಕೂ ಫೀಸೇನ್ರಿ?' ಅಂತ ನನ್ನ ಹಳೇ ವಿದ್ಯಾರ್ಥಿಯ ತಂದೆಯೊಬ್ಬರು ಮುಖಕ್ಕೇ ಕೇಳಿದರು. ಅವರ ತಪ್ಪಿಲ್ಲ. ಕಾಲೇಜಿನ ಕಾರಿಡಾರಿನಲ್ಲಿ ಇದನ್ನೇ ಹದಿನಾಲ್ಕು ವರ್ಷ ಪುಕ್ಕಟೆ ಮಾಡಿದ್ದೆನಲ್ಲ.

ಆಗ ಕೆಲಸಕ್ಕೆ ಬಂದದ್ದು ಒಂದು ಸಣ್ಣ ನಿಯಮ. ದುಡ್ಡು ಎಷ್ಟೇ ಇರಲಿ, ಕಡಿಮೆಯಾದರೂ ಅದು 'ಪೇಡ್' ಗಂಟೆಯೇ. ದುಡ್ಡಿನ ಬದಲು ವಸ್ತು ಕೊಟ್ಟರೂ, ಕೆಲಸ ಮಾಡಿಕೊಟ್ಟರೂ ನಡೆಯುತ್ತದೆ. ಇದು ಗೊತ್ತಾದ ದಿನ ನನಗೆ ನಗು ಬಂತು. ಅಮೆರಿಕದವರು ನಮ್ಮೂರಿಗೆ ಅಂತಲೇ ಬರೆದ ಹಾಗಿತ್ತು. ಸಿರುಗುಪ್ಪದ ಕಡೆಯ ರೈತರೊಬ್ಬರು ಆರು ಸೆಷನ್ನಿಗೆ ಅರ್ಧ ಚೀಲ ಸೋನಾ ಮಸೂರಿ ಹಾಕಿಸಿದರು. ಕುರುಗೋಡಿನ ಒಬ್ಬ ಹೆಣ್ಣುಮಗಳು ಬ್ಯಾಡಗಿ ಮೆಣಸಿನಕಾಯಿ ತಂದುಕೊಟ್ಟಳು. ಅದರ ಘಾಟು ವಾರಗಟ್ಟಲೆ ನನ್ನ 'ಆಫೀಸು' ರೂಮಿನಲ್ಲಿತ್ತು. ಬಂದವರೆಲ್ಲ ಸೀನುತ್ತಲೇ ತಮ್ಮ ಗುರಿ ಹೇಳಿಕೊಂಡರು. ಉಳಿದವರು ಇನ್ನೂರು, ಮುನ್ನೂರು ಕೊಟ್ಟರು. ನೂರು ರೂಪಾಯಿ ಕೊಟ್ಟವರೂ ಇದ್ದಾರೆ. ಒಂದು ವಿಷಯ ನೋಡಿದೆ: ನೂರೇ ಕೊಟ್ಟರೂ ಸರಿ, ಕೊಟ್ಟವರು ಟೈಮಿಗೆ ಬಂದರು. ಪುಕ್ಕಟೆಯವರು 'ನಾಳೆ ಬರ್ತೀನ್ರಿ' ಅಂದರು.

ಭಾಷೆಯದ್ದು ಇನ್ನೊಂದು ಕಥೆ. ಕ್ಲಾಸಿನಲ್ಲಿ ಕಲಿತದ್ದೆಲ್ಲ ಇಂಗ್ಲಿಷ್. ಸೆಷನ್ ಶುರುವಿನಲ್ಲಿ ಇವತ್ತು ಈ ಮಾತುಕತೆಯಿಂದ ಏನಾಗಬೇಕು ಅಂತ ಕ್ಲೈಂಟ್ ಜೊತೆ ಒಪ್ಪಂದಕ್ಕೆ ಬರಬೇಕು. ಅದನ್ನೇ ಕನ್ನಡದಲ್ಲಿ 'ಇವತ್ತು ನಿಮಗೇನು ಬೇಕು?' ಅಂದೆ. ಎದುರಿಗೆ ಕೂತಿದ್ದ ಹಿರಿಯರು 'ಒಂದರ್ಧ ಚಾ ಕೊಡ್ರಿ ಸಾಕು' ಅಂದರು. ಕಿರಾಣಿ ಅಂಗಡಿ ಕೌಂಟರಿನ ಪ್ರಶ್ನೆ ಕೇಳಿದರೆ ಅಂಥದ್ದೇ ಉತ್ತರ ಬರುತ್ತೆ. ಹತ್ತು ಥರ ಕೇಳಿ ನೋಡಿದೆ. ಕೊನೆಗೆ ಕೆಲಸ ಮಾಡಿದ್ದು, 'ಇಲ್ಲಿಂದ ಎದ್ದು ಹೋಗೋವಾಗ ಏನು ಹಗುರ ಆಗಿರಬೇಕ್ರಿ?' ಅನ್ನೋದು.

'ಹೇಗನಿಸುತ್ತಿದೆ?' ಅಂತ ಕೇಳಿದರೆ ನಮ್ಮ ಕಡೆ ಎಲ್ಲರದ್ದೂ ಒಂದೇ ಉತ್ತರ: 'ಏನಿಲ್ರಿ, ಆರಾಮ್.' ಕ್ಲಾಸಿನಲ್ಲಿ ಭಾವನೆಗಳ ಹೆಸರಿನ ಒಂದು ದೊಡ್ಡ ಪಟ್ಟಿ ಕೊಟ್ಟಿದ್ದರು. ನಮ್ಮ ಜನರಿಗೆ ಆ ಪಟ್ಟಿ ಬೇಕಿಲ್ಲ. ಹೊಟ್ಟೆಯಲ್ಲಿ ಕಲಸಿದಂಗೆ, ಎದೆ ಮೇಲೆ ಕಲ್ಲಿಟ್ಟಂಗೆ, ತಲೆಯೊಳಗೆ ಹುಳ ಬಿಟ್ಟಂಗೆ, ಕೈಕಾಲು ಬಿದ್ದು ಹೋದಂಗೆ. ಎಲ್ಲ ಮೈಯಲ್ಲೇ ಇದೆ. 'ಮೈಯಾಗ ಎಲ್ಲಿ ಗೊತ್ತಾಗ್ತೈತ್ರಿ?' ಅಂತ ಕೇಳೋಕೆ ಕಲಿತೆ. ಆಮೇಲೆ ಯಾರೂ ಆರಾಮ್ ಅನ್ನಲಿಲ್ಲ.

ಮೆಂಟರ್ ಬೆಂಗಳೂರಿನವರು, ನನಗಿಂತ ಚಿಕ್ಕವರು, ಪಿಸಿಸಿ ಆದವರು. ಹತ್ತು ಗಂಟೆಯನ್ನು ಕನಿಷ್ಠ ಮೂರು ತಿಂಗಳಿಗೆ ಹರಡಬೇಕು ಅನ್ನೋ ನಿಯಮ ಇದೆ. ಯಾಕೆ ಅಂತ ಮೊದಲ ದಿನವೇ ಗೊತ್ತಾಯಿತು. ಕ್ಲೈಂಟ್ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ ಸೆಷನ್ ಕಳಿಸಿದ್ದೆ. ಇಲ್ಲಿ ಬರೆಯೋಕೂ ಅವರನ್ನು ಕೇಳಿದ್ದೇನೆ, ಕೆಲವು ವಿವರ ಬದಲಿಸಿದ್ದೇನೆ. ಒಂದು ಕಾಲದಲ್ಲಿ ಅದಿರಿನ ಲಾರಿ ಇಟ್ಟುಕೊಂಡಿದ್ದವರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಮೂರು ಲಾರಿ ಮನೆ ಮುಂದೆ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ. ಈಗ ಮಗ ಮತ್ತೆ ಲಾರಿ ತಗೊಳ್ಳೋಣ ಅನ್ನುತ್ತಾನೆ. ಏನು ಮಾಡಲಿ ಅನ್ನೋದು ಅವರ ಮಾತು.

ಮೆಂಟರ್ ಪೂರ್ತಿ ಕೇಳಿಸಿಕೊಂಡಿದ್ದರು. 'ಮೇಡಮ್, ಒಂದು ಕೇಳ್ಲಾ? ಇದರಲ್ಲಿ ಕ್ಲೈಂಟ್ ಯಾರು?' ಅಂದರು.

ನಲವತ್ತು ನಿಮಿಷದಲ್ಲಿ ಇಪ್ಪತ್ತಾರು ನಿಮಿಷ ನಾನೇ ಮಾತಾಡಿದ್ದೆ. ಬಡ್ಡಿ ಲೆಕ್ಕ, ಪಾಲುದಾರಿಕೆ ಪತ್ರ, ಮಗನ ಹೆಸರಲ್ಲಿ ಸಾಲ ಎತ್ತಿದರೆ ಏನಾಗುತ್ತೆ, ಎಲ್ಲ ಹೇಳಿದ್ದೆ. ಕಾಮರ್ಸ್ ಮೇಡಮ್ಮು ನೋಡಿ. ಸಲಹೆ ತಪ್ಪೇನೂ ಆಗಿರಲಿಲ್ಲ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಅದು ಕೋಚಿಂಗ್ ಅಲ್ಲ. ಐಸಿಎಫ್ ಪಟ್ಟಿಯಲ್ಲಿ ಎಂಟು ಸಾಮರ್ಥ್ಯಗಳಿವೆ. ಅದರಲ್ಲಿ ಒಂದು, ಮೌನಕ್ಕೆ ಜಾಗ ಬಿಡುವುದೂ ಕೋಚ್‌ನ ಕೆಲಸ ಅನ್ನುತ್ತದೆ. ನಮ್ಮಲ್ಲಿ ಮನೆಗೆ ಬಂದವರ ಎದುರು ಸುಮ್ನೆ ಕೂತರೆ ಮುನಿಸು ಅಂತ ಅರ್ಥ. ಟೀಚರ್ ಸುಮ್ಮನಾದರೆ ಪಾಠ ಮರೆತಿದ್ದಾಳೆ ಅಂತ ಅರ್ಥ.

ಮುಂದಿನ ಸೆಷನ್ನಿಗೆ ಮೇಜಿನ ಕೆಳಗೆ ಎಡಗೈ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಕೂತೆ. ಬಾಯಿ ತೆರೆಯಬೇಕು ಅನಿಸಿದಾಗೆಲ್ಲ ಅದನ್ನು ಹಿಸುಕೋದು. ಅವರು 'ಲಾರಿ ರೋಡಿಗೆ ನಿಲ್ಲೋದಿಲ್ರಿ, ಎದೆ ಮೇಲೆ ನಿಲ್ತೈತಿ' ಅಂದರು. ನಾನು ಸುಮ್ಮನಿದ್ದೆ. ರೆಕಾರ್ಡಿಂಗಿನಲ್ಲಿ ಅಲ್ಲಿ ಐವತ್ತೆರಡು ಸೆಕೆಂಡ್ ಬರೀ ಫ್ಯಾನ್ ಸದ್ದಿದೆ. ನಡುವೆ ಬೀದಿಯಲ್ಲಿ ತರಕಾರಿ ಗಾಡಿಯವನು 'ಹೀರೇಕಾಯಿ' ಅಂತ ಕೂಗಿಕೊಂಡು ಹೋಗುತ್ತಾನೆ. ಆಮೇಲೆ ಅವರ ದನಿ, ಬಹಳ ಸಣ್ಣಗೆ: 'ನನಗ ಲಾರಿ ಅಂಜಿಕಿ ಇಲ್ರಿ. ಮಗನ ಮುಂದ ಇನ್ನೊಂದ್ ಸಲ ಸೋಲೋದು ಅಂಜಿಕಿ.'

ಬಡ್ಡಿ ಲೆಕ್ಕದಿಂದ ಅಲ್ಲಿಗೆ ಹೋಗೋಕೆ ದಾರಿಯೇ ಇರಲಿಲ್ಲ.

ನಮ್ಮ ತರಬೇತಿ ಸಂಸ್ಥೆಯವರು ಮೌಲ್ಯಮಾಪನಕ್ಕೆ ರೆಕಾರ್ಡಿಂಗ್ ಜೊತೆ ಇಂಗ್ಲಿಷ್ ಅನುವಾದವನ್ನೂ ಕೇಳಿದ್ದರು. ಆ ವಾಕ್ಯ ಅನುವಾದ ಮಾಡೋಕೆ ಒಂದು ಸಂಜೆ ಹಿಡಿಯಿತು. 'ಅಂಜಿಕಿ'ಗೆ ಮೂರು ಪದ ಬರೆದು ಮೂರನ್ನೂ ಹೊಡೆದುಹಾಕಿದೆ. ಕೊನೆಗೆ ಬರೆದದ್ದು ಸರಿಯಾಗಿತ್ತೋ ಇಲ್ಲವೋ, ಪಾಸಾಯಿತು.

ಎಲ್ಲ ಸೆಷನ್ನೂ ಹೀಗೆ ಆಗಲಿಲ್ಲ. ಜೀನ್ಸ್ ಹೊಲಿಗೆ ಯೂನಿಟ್ ಇಟ್ಟುಕೊಂಡಿರೋ ಒಬ್ಬರು ತಮ್ಮ ಮಗನನ್ನು ಕಳಿಸಿದರು. ಬಳ್ಳಾರಿ ಜೀನ್ಸ್ ದೇಶದ ಊರೂರಿಗೆ ಹೋಗುತ್ತಲ್ಲ, ಅಂಥ ಒಂದು ಯೂನಿಟ್ಟು. ಹುಡುಗನಿಗೆ ಆ ವ್ಯಾಪಾರ ಬೇಡ. ನಾಲ್ಕು ಸೆಷನ್ನಿಗೆ ಮುಂಗಡ ದುಡ್ಡು, ಮೇಲೆ ನಮ್ಮ ಯಜಮಾನರಿಗೆ ಎರಡು ಪ್ಯಾಂಟು. ಎರಡನೇ ಸೆಷನ್ ಆದ ಸಂಜೆಯೇ ತಂದೆಯ ಫೋನು. 'ಏನಂದ ಮೇಡಂ ನಮ್ ಹುಡುಗ?' ಹೇಳೋಕಾಗಲ್ಲ ಅಂದೆ. 'ದುಡ್ಡು ನಾ ಕೊಟ್ಟೀನಲ್ರಿ!' ಅಂದರು. ದುಡ್ಡು ಕೊಡೋರು ಬೇರೆ, ಕ್ಲೈಂಟ್ ಬೇರೆ. ಯಾರಿಗೆ ಏನು ಗೊತ್ತಾಗಬಹುದು ಅನ್ನೋದನ್ನು ಮೊದಲೇ ಮೂರೂ ಮಂದಿ ಕೂತು ಮಾತಾಡಿಕೊಳ್ಳಬೇಕು ಅಂತ ಕಲಿತದ್ದು ಕೋರ್ಸಿನಲ್ಲೇ. ಕಲಿತಿದ್ದೆ, ಮಾಡಿರಲಿಲ್ಲ. ನಾಚಿಕೆಯಿಂದ. ಅಷ್ಟು ದೊಡ್ಡ ಮನುಷ್ಯರಿಗೆ ಹಾಳೆ ಮುಂದಿಟ್ಟು ಸಹಿ ಮಾಡಿ ಅನ್ನೋದು ಹೇಗೆ ಅಂತ. ಉಳಿದ ಎರಡು ಸೆಷನ್ನಿನ ದುಡ್ಡು ವಾಪಸ್ ಕೊಟ್ಟೆ. ಪ್ಯಾಂಟು ಆಗಲೇ ಆಲ್ಟರ್ ಆಗಿತ್ತು.

ಮತ್ತೊಂದನ್ನು ಕಡಿಮೆ ಮಾತಿನಲ್ಲಿ ಹೇಳುತ್ತೇನೆ. ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗಿ, ಮೂರನೇ ಸೆಷನ್ನು. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂದಳು. ಆಮೇಲೆ, ಇರೋದೇ ಬೇಡ ಅನಿಸುತ್ತೆ ಅಂದಳು. ಗುರಿ, ಪ್ರಶ್ನೆ, ಮೌನ ಯಾವುದೂ ಅಲ್ಲಿ ನನ್ನ ಕೆಲಸ ಆಗಿರಲಿಲ್ಲ. ಕೋಚಿಂಗ್ ಅಲ್ಲಿಗೆ ನಿಲ್ಲಿಸಿದೆ. ಅವಳನ್ನು ಒಬ್ಬಳೇ ಬಿಡಲಿಲ್ಲ. ಅವಳ ಎದುರೇ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿದೆವು. ಅದು 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳ ಒಪ್ಪಿಗೆ ಕೇಳಿ ಅಕ್ಕನನ್ನು ಕರೆಸಿದೆ. ಸಂಜೆ ಮೂವರೂ ಮನೋವೈದ್ಯರ ಹತ್ತಿರ ಹೋದೆವು. ಈಗ ಚೆನ್ನಾಗಿದ್ದಾಳೆ. ಆ ಗಂಟೆಯನ್ನು ಲಾಗ್ ಶೀಟಿಗೆ ಸೇರಿಸಲಿಲ್ಲ.

ಅವತ್ತು ರಾತ್ರಿ ನನಗೂ ನಿದ್ದೆ ಬರಲಿಲ್ಲ. ಯಾರಿಗೆ ಹೇಳೋದು? ಮನೆಯಲ್ಲಿ ಹೇಳೋ ಹಾಗಿಲ್ಲ. ಬಳ್ಳಾರಿ ದೊಡ್ಡ ಊರೇ ಇರಬಹುದು, ಆದರೆ ಹೆಸರು ಹೇಳದೆ ಅರ್ಧ ವಿಷಯ ಹೇಳಿದರೂ 'ಓ, ಪಾರ್ವತಿನಗರದವರ ಮಗಳಾ?' ಅನ್ನೋರು ಇದ್ದೇ ಇರುತ್ತಾರೆ. ಕೋಚ್ ಆದಮೇಲೆ ಮಾತಾಡೋರ ಸಂಖ್ಯೆ ಜಾಸ್ತಿ ಆಯಿತು, ನಾನು ಮಾತಾಡಬಹುದಾದವರ ಸಂಖ್ಯೆ ಕಡಿಮೆ ಆಯಿತು.

ಬೆಂಗಳೂರಿನಲ್ಲಿ ಐಸಿಎಫ್ ಚಾಪ್ಟರ್, ಅಂದರೆ ಅವರ ಸ್ಥಳೀಯ ಶಾಖೆ ಇದೆ. ಒಂದೆರಡು ಸಲ ಆನ್‌ಲೈನ್ ಸೇರಿದೆ. ಒಳ್ಳೇ ಜನ. ಆದರೆ ಅಲ್ಲಿನ ಮಾತೆಲ್ಲ ಕಂಪನಿ, ಲೀಡರ್‌ಶಿಪ್ಪು, ಸಿಇಒ. ನಾನು ಅಕ್ಕಿ ಚೀಲದ ಬಗ್ಗೆ ಹೇಳಿದಾಗ ಎಲ್ಲರೂ ಪ್ರೀತಿಯಿಂದ ನಕ್ಕರು. ಪ್ರೀತಿಯಿಂದಲೇ. ಆದರೂ ನಕ್ಕರು.

ನಮ್ಮದೇ ಒಂದು ಗುಂಪು ಹುಟ್ಟಿದ್ದು ಆಮೇಲೆ. ನನ್ನ ಬ್ಯಾಚಿನಲ್ಲೇ ಹೊಸಪೇಟೆಯ ಒಬ್ಬರಿದ್ದರು, ನಿವೃತ್ತ ಬ್ಯಾಂಕ್ ಮ್ಯಾನೇಜರು. ಅವರಿಗೆ ಗೊತ್ತಿದ್ದವರು ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಎಚ್‌ಆರ್. ಅವರ ಮೂಲಕ ಕೊಪ್ಪಳದ ಒಬ್ಬ ಲೆಕ್ಚರರು. ನನ್ನನ್ನೂ ಸೇರಿಸಿ ನಾಲ್ಕು ಮಂದಿ. ತಿಂಗಳಿಗೊಂದು ಭಾನುವಾರ ಬಳ್ಳಾರಿಯಲ್ಲಿ ಸೇರುತ್ತೇವೆ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಆಮೇಲೆ ನಮ್ಮ ಮನೆಯ ಮಹಡಿ. ಒಬ್ಬರು ಕೋಚ್, ಒಬ್ಬರು ಕ್ಲೈಂಟ್, ಉಳಿದಿಬ್ಬರು ನೋಡೋರು. ಸುಳ್ಳು ಸಮಸ್ಯೆ ತರೋ ಹಾಗಿಲ್ಲ, ನಿಜದ್ದೇ ಬೇಕು. ಕ್ಲೈಂಟ್‌ಗಳ ಹೆಸರು, ಓಣಿ, ಜಾತಿ, ಕೆಲಸ ಯಾವುದೂ ಬಾಯಿಗೆ ಬರಬಾರದು. ಬಂದರೆ ಅವತ್ತಿನ ಬಿಲ್ಲು ಅವರದ್ದು. ಬ್ಯಾಂಕ್ ಮ್ಯಾನೇಜರ್ ಸಾರ್ ಎರಡು ಸಲ ಕೊಟ್ಟಿದ್ದಾರೆ.

ಅವರದ್ದೊಂದು ಅಭ್ಯಾಸ: ಕ್ಲೈಂಟ್ ಅಳೋಕೆ ಶುರು ಮಾಡಿದರೆ ತಕ್ಷಣ ನೀರಿನ ಲೋಟ ಮುಂದಿಡುತ್ತಾರೆ. ಎಚ್‌ಆರ್ ಮೇಡಂ ಒಂದು ಸಲ ಹೇಳಿಯೇ ಬಿಟ್ಟರು. 'ಸರ್, ನೀರು ಕೊಟ್ರೆ ಅಳು ನಿಲ್ಲಿಸಿ ಅಂದಂಗಲ್ವಾ?' ಅವರು ಬಹಳ ಹೊತ್ತು ಲೋಟ ನೋಡುತ್ತಾ ಕೂತರು. ಮೂವತ್ತಾರು ವರ್ಷ ಸಾಲಗಾರರಿಗೆ ಹೀಗೇ ನೀರು ಕೊಟ್ಟವರು. ಇಂಥದ್ದನ್ನು ನನಗೆ ಯಾವ ಕೋರ್ಸೂ ತೋರಿಸಲಿಲ್ಲ. ಎದುರಿಗೆ ಕೂತು ನೋಡೋರು ಬೇಕು. ಆ ಹುಡುಗಿಯ ವಿಷಯವನ್ನೂ, ಗುರುತು ಬಿಟ್ಟು, ಅವರ ಮುಂದೆಯೇ ಹೇಳಿಕೊಂಡೆ. ಯಾರೂ ಸಮಾಧಾನ ಹೇಳಲಿಲ್ಲ. ಕೊಪ್ಪಳದವರು ಮಾತ್ರ 'ಮೈಯಾಗ ಎಲ್ಲಿ ಗೊತ್ತಾಗಾಕತ್ತೈತ್ರಿ ಮೇಡಂ?' ಅಂದರು. ನನ್ನದೇ ಪ್ರಶ್ನೆ. ಗಂಟಲು ಅಂದೆ. ಅಷ್ಟಕ್ಕೇ ಅಳು ಬಂತು. ಸಾರ್ ನೀರು ಕೊಡಲಿಲ್ಲ.

ನೂರು ಗಂಟೆ ಮುಗಿಯೋಕೆ ಹದಿಮೂರು ತಿಂಗಳು ಹಿಡಿಯಿತು. ಪರೀಕ್ಷೆಯನ್ನು ಪಿಯರ್ಸನ್ ವ್ಯೂ ಅನ್ನೋ ಕಂಪನಿ ನಡೆಸುತ್ತದೆ. ಮನೆಯಲ್ಲೇ ಕ್ಯಾಮೆರಾ ಹಾಕಿಕೊಂಡು ಬರೆಯಬಹುದು, ಆದರೆ ರೂಮಿಗೆ ಯಾರೂ ಬರಬಾರದು. ನಮ್ಮತ್ತೆ ಬಾಗಿಲು ತಳ್ಳದೆ ಇರೋ ಅರ್ಧ ಗಂಟೆ ನಾನು ಮದುವೆಯಾದಾಗಿನಿಂದ ನೋಡಿಲ್ಲ. ಕರೆಂಟಿನ ಭಯ ಬೇರೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಸೆಂಟರಿಗೇ ಹೋದೆ. ಎಸಿಸಿ ಪರೀಕ್ಷೆಯಲ್ಲಿ 60 ಪ್ರಶ್ನೆ. ಅಂಕ 200ರಿಂದ 600ರವರೆಗೆ, ಪಾಸಾಗೋಕೆ 460. ಕಣ್ಣಿಗೆ ಎಲ್ಲ ಉತ್ತರವೂ ಸರಿಯಾಗಿಯೇ ಕಾಣುತ್ತೆ, ಅದೇ ಅದರ ತಂಟೆ. ಯಾವ ಉತ್ತರದಲ್ಲಿ ಕೋಚ್ ಬುದ್ಧಿ ಹೇಳುತ್ತಿದ್ದಾನೋ ಅದನ್ನು ಮೊದಲು ತೆಗೆದುಹಾಕಿದೆ. ಹೆಬ್ಬೆರಳು ಇಲ್ಲೂ ಮುಷ್ಟಿಯಲ್ಲೇ ಇತ್ತು.

ಪಾಸಾದೆ. ಇಮೇಲಿನಲ್ಲಿ ಡಿಜಿಟಲ್ ಬ್ಯಾಡ್ಜ್ ಬಂತು, ಸೀಲಿಲ್ಲ, ಬಂಗಾರದ ಬಣ್ಣವೂ ಇಲ್ಲ. ಅತ್ತೆಗೆ ಫೋನಿನಲ್ಲಿ ತೋರಿಸಿದೆ. 'ಪ್ರಿಂಟ್ ಕೊಡಂಗಿಲ್ಲೇನು?' ಅಂದರು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ 40 ಗಂಟೆ ಕಲಿಕೆ ತೋರಿಸಬೇಕು, ಎಸಿಸಿಯಲ್ಲೇ ಇದ್ದರೆ ಮತ್ತೆ 10 ಗಂಟೆ ಮೆಂಟರು ಅಂತ ಯಜಮಾನರಿಗೆ ಹೇಳಿದೆ. ಕ್ಯಾಲ್ಕುಲೇಟರ್ ಹೊರಗೆ ಬಂತು. ಫೀಸು ಡಾಲರಿನಲ್ಲಿ ಅನ್ನೋದನ್ನು ಇನ್ನೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ.

ಸರ್ಟಿಫಿಕೇಟ್ ನೋಡಿ ಬಂದ ಕ್ಲೈಂಟ್ ಇದುವರೆಗೆ ಒಬ್ಬರೂ ಇಲ್ಲ, ಇದು ನಿಜ. ಎಸಿಸಿ ಅಂದರೆ ಸಿಮೆಂಟ್ ಅಂತಲೇ ಇಲ್ಲಿ ಎಲ್ಲರಿಗೂ ಗೊತ್ತು. ಬರೋರು ಇನ್ನೊಬ್ಬರು ಹೇಳಿ ಬರುತ್ತಾರೆ. ಲಾರಿಯವರು ಮೂವರನ್ನು ಕಳಿಸಿದ್ದಾರೆ. ಜೀನ್ಸ್ ಯೂನಿಟ್ಟಿನ ಹುಡುಗ ತನ್ನದೇ ದುಡ್ಡು ತಂದು ಮತ್ತೆ ಬಂದ. ಈಗ ಮೊದಲ ದಿನವೇ ಹಾಳೆ ಮುಂದಿಡುತ್ತೇನೆ, ಎಷ್ಟೇ ದೊಡ್ಡವರಿರಲಿ.

ಹೋದ ತಿಂಗಳು ನಮ್ಮ ಭಾನುವಾರಕ್ಕೆ ಹೊಸಬರೊಬ್ಬರು ಬಂದರು. ಗಂಗಾವತಿಯವರು, ಫಿಸಿಯೋಥೆರಪಿಸ್ಟ್, ಮೂವತ್ತರ ಆಸುಪಾಸು. ಪ್ಲಾಸ್ಟಿಕ್ ಕವರಿನಿಂದ ಬಹಳ ಜೋಪಾನವಾಗಿ ಒಂದು ಹಾಳೆ ತೆಗೆದರು. ಬಂಗಾರದ ಸೀಲು. ಎರಡು ದಿನದ ಕೋರ್ಸು, ಈಗ ಅದಕ್ಕೆ ಇಪ್ಪತ್ತೆಂಟು ಸಾವಿರ ಆಗಿದೆಯಂತೆ.

'ಅಕ್ಕಾರ, ಇದು ನಡೀತೈತೇನ್ರಿ?'

ಮೂವರೂ ನನ್ನ ಮುಖ ನೋಡಿದರು. ಹೇಳೋಕೆ ಬಹಳ ಇತ್ತು. ಮೇಜಿನ ಕೆಳಗೆ ಹೆಬ್ಬೆರಳು ಹಿಡಿದುಕೊಂಡೆ. ಅವರು ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಮಿರ್ಚಿ ಆರುತ್ತಿತ್ತು.

'ನಡೆಯಂಗಿಲ್ಲ ಅಂತ ನನಗೂ ಅನಿಸಿತ್ರಿ,' ಅಂದರು, ಕವರಿನೊಳಗೆ ಹಾಳೆ ತೂರಿಸುತ್ತಾ. 'ಆ ನೂರು ಗಂಟಿ ಹೆಂಗ ಬರಕೋಬೇಕು, ಅದನ್ನಾದ್ರೂ ತೋರಸ್ರಿ.'

ಫೋನಿನಲ್ಲಿ ನನ್ನ ಹಳೇ ಶೀಟ್ ತೆಗೆದೆ, ಹೆಸರಿನ ಸಾಲು ಮರೆಮಾಡಿ. ಅವರು ಬಗ್ಗಿ ನೋಡಿದರು. 'ಇಲ್ಲಿ ಮೆಣಸಿನಕಾಯಿ ಅಂತ ಬರದೀರಲ್ರಿ?'